ಟ್ರ್ಯಾಕ್ಟರಿನ ಮುಂದಿನ ಭಾರ

ಭಾವನವರಿಗೆ ನಮಸ್ಕಾರಗಳು.

ನಮ್ಮ ಪುಟ್ಟ ಟ್ರ್ಯಾಕ್ಟರಿನ ಹಿಂದೆ ಜೋಡಿಸಲು ಮಣ್ಣು ಅಗೆಯುವ ಯಂತ್ರವೊಂದನ್ನು ಕೊಳ್ಳಬೇಕೆಂದು ನಿಮ್ಮ ತಮ್ಮ ಹಟ ಹಿಡಿದಿದ್ದಾರೆ. ನಿಮ್ಮನ್ನೊಂದು ಮಾತು ಕೇಳಲು ಭಾನುವಾರ ಅಲ್ಲಿಗೆ ಬರುತ್ತಾರೆ. ದಯವಿಟ್ಟು ಬೇಡವೆನ್ನಿ. ನಾನು ಬರೆದದ್ದು ಮಾತ್ರ ಗೊತ್ತಾಗಬಾರದು.

ಅಂಗಡಿಯವರು ಅದನ್ನು ಪರೀಕ್ಷೆಗೆಂದು ಕೊಟ್ಟಿದ್ದಾರೆ. ನಮ್ಮ ಗಾಡಿಗೆ ಅದು ಮೀರಿದ ಭಾರ. ನಿನ್ನೆ ದಿಬ್ಬ ಹತ್ತುವಾಗ ಮುಂದಿನ ಚಕ್ರಗಳು ನೆಲ ಬಿಟ್ಟು ಮೇಲೆದ್ದವು. "ಏನೂ ಆಗಲ್ಲ ಕಣೇ, ನೀನು ಬಾನೆಟ್ ಮೇಲೆ ಕೂತ್ಕೋ, ಸರಿಹೋಗುತ್ತೆ" ಎಂದರು. ಕೂತೆ. ಚಕ್ರಗಳು ಕೆಳಗಿಳಿದವು. "ನಿನ್ನ ತೂಕ ಕೊನೆಗೂ ಉಪಯೋಗಕ್ಕೆ ಬಂತು ನೋಡು" ಎಂದು ನಕ್ಕರು. ನಾನೂ ನಕ್ಕೆ. ದಿಬ್ಬ ಮುಗಿಯುವವರೆಗೂ ಬಾನೆಟ್ಟಿನ ಅಂಚು ಬಿಡಲಿಲ್ಲ.

ಕೊಂಡೇ ತೀರುತ್ತೇನೆಂದರೆ, ಮುಂದೆ ಕಟ್ಟುವ ಕಬ್ಬಿಣದ ತೂಕಗಳನ್ನಾದರೂ ತರಿಸಲು ಹೇಳಿ. ನಾನು ಹೇಳಿದರೆ ಪುಕ್ಕಲಿ ಎನ್ನುತ್ತಾರೆ. ನಿಮ್ಮ ಮಾತು ಮೀರುವುದಿಲ್ಲ.

ಇಷ್ಟು ಬರೆದು, ಹಾಲಿನವರ ಕೈಯಲ್ಲಿ ಕಳಿಸೋಣವೆಂದು ಅಂಗಳಕ್ಕೆ ಹೋಗಿದ್ದೆ. ನಾನು ಕೂರಲೆಂದು ಇವರು ಬಾನೆಟ್ ಮೇಲೆ ದಿಂಬು ಕಟ್ಟಿದ್ದಾರೆ. ಅದರ ಪಕ್ಕದಲ್ಲಿ ಮಗಳ ಪುಟ್ಟ ದಿಂಬೂ ಇದೆ.

ಭಾವ, ಭಾನುವಾರದವರೆಗೆ ಕಾಯಬೇಡಿ. ನೀವೇ ಬನ್ನಿ.

ಇಂತಿ,
ನಿಮ್ಮ ತಮ್ಮನ ಹೆಂಡತಿ