ಹಿರಿಯರ ಹಬ್ಬಕ್ಕೆ ನಾನಿರುವುದಿಲ್ಲ

ಫೆಬ್ರವರಿ 12, ಗುರುವಾರ
ಇವತ್ತೂ ಕ್ಲಾಸಿಗೆ ತಡ. ದೊಮ್ಮಲೂರು ಫ್ಲೈಓವರ್ ಕೆಳಗೆ ಆಟೊ ನಿಂತೇ ಇತ್ತು. ಟೀಚರ್ ಶಿರೀನ್ ಬೈಯಲಿಲ್ಲ. ಜಪಾನೀಸಿನಲ್ಲಿ ಕ್ಷಮೆ ಕೇಳಿಸಿದರು, ನನ್ನ ಮಗಳ ವಯಸ್ಸಿನವರ ಎದುರು. ಆಮೇಲೆ ಕೇಳಿದೆ — ಜುಲೈಗೆ ಕ್ಯೋಟೋದ ಭಾಷಾ ಶಾಲೆಗೆ ಹೋದರೆ ಮೂರು ತಿಂಗಳ ಕೋರ್ಸ್ ಸಾಕಾ, ಒಂದು ವರ್ಷದ್ದು ಬೇಕಾ?

“ಮೂರು ತಿಂಗಳಲ್ಲಿ ದಾರಿ ಕೇಳೋಕೆ ಬರುತ್ತೆ ಭಾಗ್ಯ ಮ್ಯಾಮ್. ವರ್ಷ ಇದ್ರೆ ಜಗಳ ಆಡೋಕೆ ಬರುತ್ತೆ.”

“ಪದ್ಯ ಓದೋಕೆ?”

“ಅದು ಜಗಳ ಬಂದ್ಮೇಲೆ.”

ಜಪಾನಿ ಪದ್ಯಗಳನ್ನು ಅನುವಾದದಲ್ಲಿ ಓದಿ ಓದಿ ಸಾಕಾಗಿದೆ. ಯಾರೋ ಅಗಿದು ಕೊಟ್ಟ ಹಾಗೆ. ವರ್ಷವೇ ಬೇಕು.

ಫೆಬ್ರವರಿ 15, ಭಾನುವಾರ
ಗಂಡ ಮುನಿರಾಜ್ ನನ್ನ ಟಿಕೆಟ್ ಬುಕ್ ಮಾಡಿಯೇ ಬಂದಿದ್ದಾರೆ. ಸರ್‌ಪ್ರೈಸ್ ಅಂತೆ. ಜುಲೈಗೆ ಹೋಗುವುದು, ಸೆಪ್ಟೆಂಬರ್ ಕೊನೆಗೆ ವಾಪಸ್. ಜೊತೆಗೆ ಮೈಸೂರು ಪಾಕ್.

“ಹಿರಿಯರ ಹಬ್ಬ ಅಕ್ಟೋಬರಲ್ಲಿ. ಅಷ್ಟರಲ್ಲಿ ಬಂದ್ಬಿಡ್ತೀಯ, ನೋಡು!”

ಈ ಮನೆಯಲ್ಲಿ ಸತ್ತವರಿಗೆ ಎಡೆ ಇಡುವವಳು ಹಿರಿ ಸೊಸೆ. ಅಂದರೆ ನಾನು. ಸತ್ತವರ ಕ್ಯಾಲೆಂಡರಿಗೆ ನನ್ನ ಓದು ಹೊಂದಿಕೊಳ್ಳಬೇಕು.

“ವರ್ಷ ಇರ್ತೀನಿ ರೀ. ಈ ಸಲ ಎಡೆ ಹಂಸ ಇಡಲಿ” ಅಂದೆ. ಮುನಿರಾಜ್ ಜೋಕ್ ಅಂದುಕೊಂಡು ನಕ್ಕರು. ಅತ್ತೆ ನಗಲಿಲ್ಲ.

“ಕಿರಿ ಸೊಸೆ ಇಟ್ರೆ ಹಿರಿಯರು ಮುಟ್ಟಾಕಿಲ್ಲ ಕಣಮ್ಮ.”

“ಹಸಿವಾದ್ರೆ ಉಣ್ತಾರೆ ಬಿಡಿ ಅತ್ತೆ.”

ಹೇಳಿದ ಮೇಲೆ ನನಗೇ ಬೆರಗು... ಮೈಸೂರು ಪಾಕ್ ಯಾರೂ ಮುಟ್ಟಲಿಲ್ಲ.

ಫೆಬ್ರವರಿ 23
ಅತ್ತೆ ಮಾತು ಬಿಟ್ಟಿದ್ದಾರೆ. ನನ್ನ ಕಾಫಿ ಬಿಟ್ಟಿಲ್ಲ.

ಓರಗಿತ್ತಿ ಹಂಸ, ಕೆಳಗಿನ ಮನೆಯವಳು, ಟೆರೇಸಿನಲ್ಲಿ ಬಟ್ಟೆ ಹರವುವಾಗ ಹತ್ತಿರ ಬಂದಳು.

“ಅಕ್ಕಾ, ನನ್ನ ಕೇಳ್ದೇನೆ ನನ್ ಹೆಸರು ಹೇಳ್ಬಿಟ್ರಲ್ಲ?”

ನಾಚಿಕೆಯಾಯಿತು. ನಿಜ, ಕೇಳಿರಲಿಲ್ಲ.

“ಬೇಡ್ವೇನೇ?”

“ಬೇಡ ಅಂದ್ನಾ? ಮದ್ವೆಯಾದಾಗಿಂದ ಬಾಣಲೆ ಮುಂದೆ ಬೆವರಿ ಕಜ್ಜಾಯ ಕರಿಯೋಳು ನಾನು. ಎಲೆ ಮುಂದೆ ನಿಂತ್ಕೊಳ್ಳೋದು ನೀವು. ಒಂದ್ಸಲ ನಾನೇ ಇಟ್ಟು ನೋಡ್ತೀನಿ. ಬೇಗ ಬಂದ್ಬಿಡ್ಬೇಡಿ, ಆಯ್ತಾ?”

ಒದ್ದೆ ಸೀರೆ ಹಿಡಿದುಕೊಂಡೇ ಇಬ್ಬರೂ ನಕ್ಕೆವು.

ಫೆಬ್ರವರಿ 27, ಶುಕ್ರವಾರ. ಸಂಜೆ
ಶಾಲೆಗೆ ಮೇಲ್ ಹಾಕಿದೆ. ಒಂದು ವರ್ಷ. ವಾಪಸ್ ಟಿಕೆಟ್ ನಾನೇ ಕ್ಯಾನ್ಸಲ್ ಮಾಡಿದೆ. ಅತ್ತೆಯ ಎದುರು ಕೂತು ಹೇಳಿದೆ. ಟಿವಿ ವಾಲ್ಯೂಮ್ ಜಾಸ್ತಿ ಮಾಡಿದರು. ಇನ್ನೂ ಜೋರಾಗಿ ಹೇಳಿದೆ.

ಮುನಿರಾಜ್ ರೂಮಿನ ಬಾಗಿಲಿಗೆ ಒರಗಿ ನಿಂತರು.

“ವರ್ಷ ಆದ್ಮೇಲೆ ಇನ್ನೊಂದ್ ವರ್ಷ ಅಂದ್ರೆ ನಾನೇನೇ ಮಾಡ್ಲಿ?”

ದನಿಯಲ್ಲಿ ಭಯವಿತ್ತು. ಇಷ್ಟು ದಿನ ಹಬ್ಬದ ಹಿಂದೆ ಇದನ್ನೇ ಬಚ್ಚಿಟ್ಟುಕೊಂಡಿದ್ದರೋ ಏನೋ. ಹಾಗೇನಿಲ್ಲ ಬರ್ತೀನಿ, ಅನ್ನಬಹುದಿತ್ತು. ಅನ್ನಲಿಲ್ಲ.

“ಗೊತ್ತಿಲ್ಲ ರೀ. ಅಲ್ಲಿಗೇ ಬಂದು ಕೇಳಿ.”

ಹೋಗಿಲ್ಲ, ಅಲ್ಲೇ ನಿಂತಿದ್ದಾರೆ. ಅನ್ನ ಆರುತ್ತಿದೆ, ಬಾ ಅಂತಿದ್ದಾರೆ. ನೀವು ಬಡಿಸಿಕೊಳ್ಳಿ, ನನ್ನದು ಇನ್ನೂ ಬರೆದು ಮುಗಿದಿಲ್ಲ ಅಂದೆ.