ಹೂ ಬಿಟ್ಟ ಕೆಮಾಂಗಿ

ಗಾರುತ್‌ನಲ್ಲಿರುವ ನನ್ನ ಹೆತ್ತಮ್ಮ, ಎಮಾಗೆ ಸಲಾಮು,

ಮದುವೆಯ ದಿನ ನೀನು ಕೈಗಿಟ್ಟ ಕೆಮಾಂಗಿ ಬೀಜ ಈ ಅಡುಗೆಮನೆಯ ಕಿಟಕಿಯಲ್ಲಿ ಸೊಂಪಾಗಿ ಬೆಳೆದಿದೆ. ತುಳಸಿಯಂಥ ಎಲೆ ಮುಟ್ಟಿದರೆ ಅದೇ ನಿಂಬೆಯ ವಾಸನೆ. ನೀನು ಹೇಳಿದಂತೆ ಬುಡಕ್ಕಷ್ಟೇ ನೀರು ಹಾಕಿ, ಮೊಗ್ಗು ಕಂಡಾಗಲೆಲ್ಲ ಚಿವುಟುತ್ತಿದ್ದೆ. ಮೀನು, ಖಾರದ ಸಂಬಾಲ್ ಚಟ್ನಿಯ ಜೊತೆ ಅದರ ಹಸಿ ಎಲೆ ಇಲ್ಲದಿದ್ದರೆ ಅತ್ತೆಗೆ ಅನ್ನ ಇಳಿಯುವುದಿಲ್ಲ.

ನಿನ್ನ ಅಳಿಯ ಹಡಗಿನ ಕೆಲಸಕ್ಕೆ ಹೋದ ಮೇಲೆ ಗೇಟಿನ ಬೀಗದ ಕೈ ಅತ್ತೆಯ ಸೊಂಟದಲ್ಲೇ ಇರುತ್ತದೆ. ಕುಂಡವನ್ನು ಹೊರಗಿಟ್ಟು ಬರುತ್ತೇನೆ ಎಂದೆ.

"ಕಿಟಕೀಲಿ ಬಿಸಿಲು ಬರಲ್ವೇನೆ? ಗಿಡಕ್ಕೂ ಅಷ್ಟು ಸಾಕು, ನಿಂಗೂ ಅಷ್ಟು ಸಾಕು" ಅಂದರು.

ಫೋನಿನಲ್ಲಿ ನಾನು ಅತ್ತಾಗ ನೀನೂ, "ಹೊಂದ್ಕೊಂಡು ಹೋಗೇ, ಚಿವುಟಿದಷ್ಟೂ ಚಿಗುರುತ್ತೆ" ಅಂದೆ. ಈಗ ಫೋನೂ ಅವರ ಹತ್ತಿರವೇ ಇದೆ. ಈ ಕಾಗದವನ್ನು ತರಕಾರಿ ಮಾರುವ ಓನಿಹ್ ಚಿಕ್ಕಮ್ಮನಿಗೆ ಕಿಟಕಿಯ ಕಂಬಿಯ ಸಂದಿಯಿಂದ ಕೊಡುತ್ತಿದ್ದೇನೆ.

ಎಮಾ, ನಾನು ಮೊಗ್ಗು ಚಿವುಟುವುದನ್ನು ಬಿಟ್ಟಿದ್ದೇನೆ. ಗಿಡದ ತುಂಬ ಬಿಳಿ ಹೂ. ಎಲೆ ಕಹಿಯಾಯಿತೆಂದು ಅತ್ತೆ ಬೈಯುತ್ತಾರೆ. ಬೈಯಲಿ. ಉಪವಾಸ ಮುಗಿದು ಬರುವ ಲೆಬಾರನ್ ಹಬ್ಬದ ಹೊತ್ತಿಗೆ ಬೀಜ ಕಪ್ಪಾಗುತ್ತದೆ. ಆ ಬೆಳಿಗ್ಗೆ ನಮಾಜಿಗೆಂದು ಗೇಟು ತೆರೆಯಲೇಬೇಕಲ್ಲ.

ಬೀಜವನ್ನು ನಾನೇ ತರುತ್ತೇನೆ. ಹಿತ್ತಿಲಲ್ಲಿ ಒಂದು ಮಡಿ ಅಗೆದಿಡು. ಹಿತ್ತಿಲ ಬಾಗಿಲಿಗೆ ಮಾತ್ರ ಅಗುಳಿ ಹಾಕಬೇಡ.

ನಿನ್ನ ಮಗಳು,
ಎಂತಿನ್