ಅತ್ತೆಯ ಕುರ್ಚಿಗೊಂದು ಡೋವೆಲ್ ಜಿಗ್

ಮಾವ, ನಾನು ನಿಮ್ಮ ಸೊಸೆ ಸುಮಾ,

ಅತ್ತೆ ಬಚ್ಚಲ ಬಾಗಿಲಲ್ಲಿ ಜಾರಿ ಬಿದ್ದ ಬೆಳಿಗ್ಗೆಯಿಂದಲೇ ಹೇಳುತ್ತೇನೆ. ನೀವು ಹೋಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಗಿ, ವಾಕರ್ ಹಿಡಿದು ನಡೆಯುವಷ್ಟಾದರು. ಆದರೆ ಕೂತಲ್ಲಿಂದ ಏಳಬೇಕಾದರೆ ಯಾರಾದರೂ ಕೈ ಕೊಡಲೇಬೇಕು. "ಇನ್ನೊಂದ್ಸಲ ಬೀಳಬಾರ್ದು ನೋಡ್ರಿ" ಎಂದು ಡಾಕ್ಟರು ಹೇಳಿದ್ದು ಕಿವಿಯಲ್ಲಿ ಹಾಗೇ ಕೂತಿದೆ. ಅಂಗಡಿಯ ಕುರ್ಚಿಗಳೋ, ಒಂದು ತೀರಾ ತಗ್ಗು, ಇನ್ನೊಂದು ಅತ್ತೆಯ ಕಾಲು ನೆಲಕ್ಕೆ ಮುಟ್ಟದಷ್ಟು ಎತ್ತರ. ಅವರ ಅಳತೆಗೆ ಸರಿಯಾಗಿ, ಊರಿ ಏಳಲು ಗಟ್ಟಿ ತೋಳುಗಳಿರುವ ಕುರ್ಚಿ ನಾನೇ ಮಾಡುತ್ತೇನೆ ಎಂದುಬಿಟ್ಟೆ. ಅಂದ ಮೇಲೆ ಹೆದರಿಕೆ ಶುರುವಾಯಿತು.

ಹಿತ್ತಲ ಶೆಡ್ಡಿನಲ್ಲಿ ನಾವಿಬ್ಬರೂ ಭಾನುವಾರಗಳಂದು ಪುಸ್ತಕದ ಕಪಾಟು ಮಾಡಿದ್ದು ನೆನಪಿದೆಯೇ? ಫ್ಯಾಕ್ಟರಿಯಿಂದ ರಿಟೈರಾದ ಮೇಲೆ ನಿಮಗೆ ಹಿಡಿದ ಹುಚ್ಚನ್ನು ನನಗೂ ಹಿಡಿಸಿದಿರಿ. ಸೇರಬೇಕಾದ ಎರಡೂ ಮರಗಳಿಗೆ ಎದುರುಬದುರು ತೂತು ಕೊರೆದು, ನಡುವೆ ಡೋವೆಲ್ ಎಂಬ ದುಂಡನೆಯ ಮರದ ಗೂಟ ಕೂರಿಸಿ, ಅಂಟು ಹಾಕಿ ಬಿಗಿಯುವುದು. ನೀವು ಕಣ್ಣಳತೆಯಲ್ಲೇ ನೆಟ್ಟಗೆ ಕೊರೆಯುತ್ತಿದ್ದಿರಿ. ನನ್ನ ಕೈಯಲ್ಲಿ ಡ್ರಿಲ್ಲು ವಾಲುತ್ತಿತ್ತು. "ಇರ್ಲಿ ಬಿಡವ್ವಾ, ಪುಸ್ತಕಕ್ಕೇನು ನೋವಾಗಲ್ಲ" ಎಂದು ನಗುತ್ತಿದ್ದಿರಿ. ಪುಸ್ತಕಕ್ಕೆ ಸರಿ, ಮಾವ. ಕೂರುವವರು ಅತ್ತೆಯಾದರೆ?

ಮೊದಲು ಮೊಬೈಲಿನಲ್ಲಿ ನೋಡಿ ಒಂದು ಪ್ಲಾಸ್ಟಿಕ್ ಜಿಗ್ ತರಿಸಿದೆ. ತೂತು ವಾಲದಂತೆ ಡ್ರಿಲ್ಲನ್ನು ನೆಟ್ಟಗೆ ನಡೆಸುವ ಅಚ್ಚು ಅದು. ಎರಡನೇ ತೂತಿಗೇ ಜರುಗಿತು. ಕಾಲಿಗೂ ಅಡ್ಡಪಟ್ಟಿಗೂ ಗೂಟ ಕೂರಿಸಿ ಅಲ್ಲಾಡಿಸಿದೆ; ಸಂದಿಯಲ್ಲಿ ಉಗುರು ತೂರಿತು. ಉಗುರಿನಷ್ಟು ಸಂದಿ ಇವತ್ತು, ನಾಳೆ ಅತ್ತೆ ಭಾರ ಊರಿದಾಗ... ನಿಮ್ಮ ಮಗ ಅದನ್ನು ನೋಡಿದರು. "ನೀ ತಲಿ ಕೆಡಿಸ್ಕೊಬ್ಯಾಡ. ಕರೂರಿನ ಫ್ಯಾಕ್ಟರಿ ಏರಿಯಾದಾಗ ವೆಲ್ಡಿಂಗ್ ಮಾಡ್ಸಿದ್ರೆ ಕಬ್ಬಿಣದ್ದೇ ಆಗ್ತೈತೆ" ಅಂದರು. ಒಳಗಿಂದ ಅತ್ತೆಯ ದನಿ ಬಂತು: "ಬ್ಯಾಡಪ್ಪಾ, ಸುಮಾ ಮಾಡ್ತೀನಿ ಅಂದಾಳೆ." ಆ ನಂಬಿಕೆ ಕೇಳಿ ನನಗೆ ಧೈರ್ಯ ಬರಬೇಕಿತ್ತಲ್ಲವೇ? ನಾನು ಆ ಸಂದಿಗೆ ಮತ್ತೆ ಉಗುರು ತೂರಿಸಿ ನೋಡಿದೆ.

ಮಂಡಿಪೇಟೆಗೆ ಹೋದಾಗ ಕುರ್ಚಿಯ ಕಾಲಿನ ತುಂಡೊಂದು, ಅಡ್ಡಪಟ್ಟಿಯ ತುಂಡೊಂದು ಚೀಲದಲ್ಲಿ ಹಾಕಿಕೊಂಡೇ ಹೋಗಿದ್ದೆ. ಹಾರ್ಡ್‌ವೇರ್ ಅಂಗಡಿಯ ಭಾಯ್ ಫಳಫಳ ಹೊಳೆಯುವ ಉಕ್ಕಿನ ಜಿಗ್ ಮುಂದಿಟ್ಟರು. ಎರಡು ಕಡೆಯಿಂದ ಮರವನ್ನು ಕಚ್ಚಿ, ತಾನೇ ನಟ್ಟನಡುವೆ ನಿಲ್ಲುವಂಥದ್ದು.

"ಪಕ್ಕಾ ಮಾಲ್ ಐತ್ರಿ ಮೇಡಂ. ಅಳತಿ ಹಾಕೋದೇ ಬ್ಯಾಡ."

ನನ್ನ ತುಂಡುಗಳಿಗೆ ಹಿಡಿದು ನೋಡಿದೆ. ಕಾಲು ದಪ್ಪ, ಪಟ್ಟಿ ತೆಳು. ಎರಡರ ನಡುವನ್ನೂ ಹಿಡಿದರೆ ಪಟ್ಟಿ ಕಾಲಿನ ಮಧ್ಯಕ್ಕೆ ಬರುತ್ತದೆ. ನನಗೆ ಬೇಕಿದ್ದುದು ಎರಡರ ಹೊರಮೈಯೂ ಒಂದೇ ಸಮಕ್ಕೆ ಬರುವುದು. "ಅಂಚಿನಿಂದ ಅಳತೆ ಹಿಡಿದು ಬಿಗಿ ಮಾಡೋದು ಐತೇನ್ರಿ? ಡ್ರಿಲ್ಲು ಅಲ್ಲಾಡದಂಗೆ ಜಿಗ್ಗಿನ ತೂತಿನೊಳಗೆ ಉಕ್ಕಿನ ಬಳೆ ಇರ್ಬೇಕು" ಎಂದೆ. ಅವರು ಮೇಲಿನ ಅಟ್ಟದಿಂದ ಧೂಳು ಹಿಡಿದ ಡಬ್ಬಿಯೊಂದನ್ನು ಇಳಿಸಿದರು. ಒಳಗಿದ್ದ ಜಿಗ್ ನೋಡಲು ಚೆಂದವಿರಲಿಲ್ಲ, ಆದರೆ ಬಿಗಿದ ಮೇಲೆ ಎಳೆದರೂ ಕದಲಲಿಲ್ಲ. ಅದನ್ನು ತೆಗೆದು, ಇಟ್ಟು, ಮತ್ತೆ ಉಕ್ಕಿನದನ್ನು ಹಿಡಿದು...

"ಒಂದು ಕುರ್ಚಿಗೆ ಇಷ್ಟು ಯಾಕ ಯೋಚ್ನಿ ಮಾಡ್ತೀರಿ?" ಎಂದು ಕೇಳಿದರು ಭಾಯ್.

"ನಮ್ಮ ಅತ್ತೆ ಕೂತು ಏಳೋ ಕುರ್ಚಿ ರೀ. ಸೊಂಟ ಮುರಿದೈತೆ."

ಅವರು ಧೂಳಿನ ಡಬ್ಬಿಯನ್ನು ಒರೆಸಿ, ನನ್ನ ಪಟ್ಟಿಯ ತುಂಡಿಗೆ ತಾವೇ ಒಂದು ತೂತು ಕೊರೆದು ತೋರಿಸಿದರು. ನೆಟ್ಟಗಿತ್ತು. ಅದನ್ನೇ ತಂದೆ.

ಕುರ್ಚಿ ನಿಂತ ದಿನ ನಾನೇ ಕೂತೆ, ಎದ್ದೆ, ಹಿಂದಕ್ಕೊರಗಿ ಅಲ್ಲಾಡಿಸಿದೆ. ಸಾಲದೆಂದು ಮರುದಿನ ಅಕ್ಕಿಚೀಲ ಹೇರಿಟ್ಟು ಇಡೀ ದಿನ ಹಾಗೇ ಬಿಟ್ಟೆ. ಶಾಲೆಯಲ್ಲಿ ಪಾಠ ಮಾಡುವಾಗಲೂ ಕಿವಿ ಮನೆಯ ಕಡೆಗೇ. ಎಲ್ಲೋ ಮರ ಲಟಕ್ಕೆಂದಂತೆ. ಸಂಜೆ ಬಂದರೆ ಅತ್ತೆ ವಾಕರ್ ಹಿಡಿದು ಚೀಲವನ್ನೇ ನೋಡುತ್ತ ನಿಂತಿದ್ದರು.

"ಚೀಲ ಕೂಡ್ತೈತೆ, ಏಳ್ತೈತೇನು? ನಾ ಏಳ್ಬೇಕು. ಇಳಿಸು ಅದನ್ನ."

ಇಳಿಸಿದೆ. ಕೂತರು. ತೋಳುಗಳ ಮೇಲೆ ಎರಡೂ ಅಂಗೈ ಊರಿದರು. ನಾನು ಹಿಡಿಯಲು ಕೈ ಚಾಚಿದೆ. "ಮುಟ್ಟಬ್ಯಾಡ ನೀನು" ಅಂದರು. ಅವರ ಮೊಣಕೈ ನಡುಗಿತು, ಕುರ್ಚಿ ನಡುಗಲಿಲ್ಲ. ನಾನು ಸಂದಿಗಳನ್ನೇ ನೋಡುತ್ತಿದ್ದೆ. ತಲೆಯೆತ್ತಿದಾಗ ಅತ್ತೆ ನಿಂತಿದ್ದರು, ಮಾವ. ಒಬ್ಬರೇ.

ಮತ್ತೆ ಕೂತರು. ಮತ್ತೆ ಎದ್ದರು. ನಾನು ಅಳುವುದನ್ನು ಕಂಡು, "ಹುಚ್ಚಿ, ಕುರ್ಚಿ ಚಲೋ ಆಗೈತೆ" ಅಂದರು. ಕುರ್ಚಿಯ ತೋಳು ಸವರುತ್ತ, "ಇದನ್ನ ಕಾರಿನಾಗ ಹಾಕಾಕೆ ಬರ್ತೈತೇನು?" ಎಂದು ಕೇಳಿದರು.

ಯಾಕೆಂದು ಕೇಳಿದೆ.

ನಿಮ್ಮನ್ನು ಹರಿಹರದಲ್ಲಿ ಮಣ್ಣು ಮಾಡಿ ಬಂದ ಮೇಲೆ ಅತ್ತೆಗೆ ಅತ್ತ ಬರಲು ಆಗಿಲ್ಲ. ಈ ಸೋಮವಾರ ಕುರ್ಚಿ ತರುತ್ತೇವೆ. ನಿಮ್ಮ ಸಮಾಧಿಯ ಮುಂದೆ ಹಾಕುತ್ತೇನೆ. ಅವರು ಎಷ್ಟು ಹೊತ್ತು ಬೇಕಾದರೂ ಕೂರಲಿ. ನಾನು ಅವಸರ ಮಾಡುವುದಿಲ್ಲ.